ಶೆವ್ರಾನ್: ಮೊನೆಯ ದಿಕ್ಕಿನಲ್ಲಿ ಅಡಗಿದ ಅರ್ಥ

ಇಂಗ್ಲಿಷಿನ ‘ವಿ’ ಅಕ್ಷರವನ್ನು ಹೋಲುವ, ಎರಡು ಓರೆ ಪಟ್ಟಿಗಳು ಒಂದು ಮೊನೆಯಲ್ಲಿ ಕೂಡುವ ವಿನ್ಯಾಸಕ್ಕೆ ಶೆವ್ರಾನ್ ಎಂದು ಹೆಸರು. ಬಟ್ಟೆ, ನೆಲಹಾಸು, ಸೈನಿಕನ ತೋಳು, ಘಟ್ಟದ ತಿರುವು ಹೀಗೆ ಎಲ್ಲೆಡೆ ಕಾಣುವ ಈ ಆಕೃತಿಯನ್ನು ಬರಿಯ ಅಲಂಕಾರವೆಂದು ಭಾವಿಸುವವರೇ ಹೆಚ್ಚು. ಆದರೆ ಅನೇಕ ಕಡೆ ಅದರ ಮೊನೆ ಎತ್ತ ತಿರುಗಿದೆ ಎಂಬುದರ ಮೇಲೆ ಅರ್ಥ ನಿಂತಿದೆ, ಕೆಲವೆಡೆ ಪ್ರಾಣವೂ.

ಪದ ಫ್ರೆಂಚ್ ಮೂಲದ್ದು. ಇಳಿಜಾರು ಮಾಡನ್ನು ಹೊರುವ ಓರೆ ಮರಕ್ಕೆ, ಅಂದರೆ ನಮ್ಮ ಕರಾವಳಿಯ ಹಂಚಿನ ಮನೆಗಳಲ್ಲಿ ಪಕಾಸು ಎನ್ನಲಾಗುವ ಮರಕ್ಕೆ, ಅಲ್ಲಿ ಶೆವ್ರಾನ್ ಎನ್ನುತ್ತಾರೆ. ಎರಡು ಪಕಾಸುಗಳು ನೆತ್ತಿಯಲ್ಲಿ ಕೂಡಿದರೆ ತಲೆಕೆಳಗಾದ ‘ವಿ’ ಸಿದ್ಧ. ಆದ್ದರಿಂದಲೇ ಮಧ್ಯಯುಗದ ಯುರೋಪಿನ ಗುರಾಣಿ ಲಾಂಛನಗಳಲ್ಲಿ ಇದರ ಮೊನೆ ಮೇಲ್ಮುಖವಾಗಿರುತ್ತದೆ. ಇಂಗ್ಲೆಂಡಿನ ಕ್ಲೇರ್ ಮನೆತನದ ಲಾಂಛನದಲ್ಲಿ ಚಿನ್ನದ ಹಿನ್ನೆಲೆಯ ಮೇಲೆ ಮೂರು ಕೆಂಪು ಶೆವ್ರಾನ್‌ಗಳಿದ್ದವು. ಇದು ರಕ್ಷಣೆಯ ಸಂಕೇತ, ಮನೆ ಕಟ್ಟಿದವನ ಸಂಕೇತ ಎಂಬ ವಿವರಣೆಗಳು ಪ್ರಚಾರದಲ್ಲಿವೆಯಾದರೂ ಅವು ಬಹುಮಟ್ಟಿಗೆ ನಂತರದ ಲೇಖಕರ ಕಲ್ಪನೆ. ಕಟ್ಟಡಗಳಲ್ಲಿಯೂ ಈ ವಿನ್ಯಾಸ ಹಳೆಯದು: 1093ರಲ್ಲಿ ಆರಂಭವಾದ ಡರ್ಹಮ್ ಕೆಥೆಡ್ರಲ್‌ನ ಬೃಹತ್ ಕಂಬಗಳ ಮೇಲೆ ಇದರ ಸಾಲುಗಳನ್ನು ಕೊರೆಯಲಾಗಿದೆ.

ಬ್ರಿಟಿಷ್ ಸೇನೆ 19ನೇ ಶತಮಾನದ ಆರಂಭದಲ್ಲಿ ಕೆಳದರ್ಜೆಯ ನಾಯಕರ ತೋಳಿಗೆ ಈ ಪಟ್ಟಿಗಳನ್ನು ಹೊಲಿಸಿತು. ಭಾರತೀಯ ಸೇನೆಯಲ್ಲಿ ಇಂದಿಗೂ ಲ್ಯಾನ್ಸ್ ನಾಯಕನಿಗೆ ಒಂದು, ನಾಯಕನಿಗೆ ಎರಡು, ಹವಾಲ್ದಾರನಿಗೆ ಮೂರು ಪಟ್ಟಿ. ನಾಯಬ್ ಸುಬೇದಾರನಾದೊಡನೆ ಗುರುತು ತೋಳನ್ನು ಬಿಟ್ಟು ಹೆಗಲಿಗೇರುತ್ತದೆ. ಬ್ರಿಟನ್ ಮತ್ತು ಭಾರತದಲ್ಲಿ ಪಟ್ಟಿಯ ಮೊನೆ ಕೆಳಮುಖ, ಅಮೆರಿಕದ ಭೂಸೇನೆಯಲ್ಲಿ ಮೇಲ್ಮುಖ. ಹಾಲಿವುಡ್ ಚಿತ್ರದ ಸಾರ್ಜೆಂಟ್ ನಮ್ಮ ಕಣ್ಣಿಗೆ ಪಟ್ಟಿಯನ್ನು ತಿರುಗಾಮುರುಗಾ ಧರಿಸಿದಂತೆ ಕಾಣುವುದು ಇದರಿಂದಲೇ.

ಫ್ರಾನ್ಸಿನ ಸಿಟ್ರೋಯನ್ ಕಾರಿನ ಜೋಡಿ ಶೆವ್ರಾನ್‌ಗೆ ಮಾಡೂ ಕಾರಣವಲ್ಲ, ಸೇನೆಯೂ ಕಾರಣವಲ್ಲ. 1919ರಲ್ಲಿ ಕಾರು ತಯಾರಿಕೆಗೆ ಇಳಿಯುವ ಮುನ್ನ ಆಂದ್ರೆ ಸಿಟ್ರೋಯನ್ ‘ವಿ’ ಆಕಾರದ ಹಲ್ಲುಗಳುಳ್ಳ ಗೇರ್ ಚಕ್ರಗಳನ್ನು ತಯಾರಿಸುತ್ತಿದ್ದರು. ಓರೆ ಹಲ್ಲಿನ ಚಕ್ರ ತಿರುಗುವಾಗ ಅಚ್ಚನ್ನು ಒಂದು ಪಕ್ಕಕ್ಕೆ ದೂಡುತ್ತದೆ. ಎದುರುಬದುರು ಓರೆಗಳನ್ನು ಜೋಡಿಸಿದರೆ ಎರಡರ ದೂಡುವಿಕೆಯೂ ಪರಸ್ಪರ ರದ್ದಾಗುತ್ತದೆ. ಲಾಂಛನದಲ್ಲಿರುವುದು ಆ ಹಲ್ಲುಗಳ ನೆನಪು.

ವಾಹನ ಸವಾರರಿಗೆ ಅತಿ ಮುಖ್ಯವಾದ ಶೆವ್ರಾನ್ ಕಾರಿನ ಮೇಲಿನದಲ್ಲ, ರಸ್ತೆಯಂಚಿನದು. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಂಥ ರಸ್ತೆಯಲ್ಲಿ ರಾತ್ರಿ ಮಂಜು ಕವಿದಾಗ ಚಾಲಕನಿಗೆ ರಸ್ತೆಯೇ ಕಾಣುವುದಿಲ್ಲ. ದೀಪದ ಬೆಳಕಿಗೆ ಹೊಳೆಯುವ ಫಲಕಗಳಷ್ಟೇ ಕಾಣುತ್ತವೆ. ಸಾಮಾನ್ಯವಾಗಿ ಹಳದಿ ಹಿನ್ನೆಲೆಯಲ್ಲಿ ಕಪ್ಪು ಗುರುತಿರುವ ಇವುಗಳನ್ನು ತಿರುವಿನ ಹೊರ ಅಂಚಿನಲ್ಲಿ ಸಾಲಾಗಿ ನಿಲ್ಲಿಸಲಾಗುತ್ತದೆ. ಮೊನೆ ಎತ್ತಲೋ ರಸ್ತೆ ಅತ್ತ. ಒಂದೇ ಫಲಕದಿಂದ ಹೆಚ್ಚಿನ ಪ್ರಯೋಜನವಿಲ್ಲ. ಕನಿಷ್ಠ ಎರಡಾದರೂ ಒಟ್ಟಿಗೆ ಕಂಡರೆ ಮಾತ್ರ ತಿರುವು ಎಷ್ಟು ಕಡಿದು ಎಂಬ ಅಂದಾಜು ಸಿಗುತ್ತದೆ. ಎದುರಿನಿಂದ ಬರುವವರಿಗೆ ಅದೇ ತಿರುವು ಮತ್ತೊಂದು ದಿಕ್ಕಿನದಾದ್ದರಿಂದ ಅವರಿಗೆ ಬೇರೆ ಮುಖದ ಫಲಕ ಬೇಕು. ಬಳ್ಳಿ ಹಬ್ಬಿದ, ಭಿತ್ತಿಪತ್ರ ಅಂಟಿಸಿದ ಅಥವಾ ಲಾರಿ ತಾಗಿ ಮಗ್ಗುಲಾದ ಫಲಕವನ್ನು ದುರಸ್ತಿಗೆ ಕಾಯಿಸುವುದು ಸಣ್ಣ ನಿರ್ಲಕ್ಷ್ಯವಲ್ಲ.

ಬ್ರಿಟನ್ನಿನ ಕೆಲವು ಹೆದ್ದಾರಿಗಳಲ್ಲಿ ಶೆವ್ರಾನ್ ಅನ್ನು ರಸ್ತೆಯ ಮೇಲೆಯೇ ಬರೆಯಲಾಗಿದೆ. ಮುಂದಿನ ವಾಹನಕ್ಕೂ ತನಗೂ ನಡುವೆ ಎರಡು ಗುರುತುಗಳ ಅಂತರವಿರಲಿ ಎಂಬುದು ಅಲ್ಲಿನ ಸೂಚನೆ. ವಿಮಾನ ನಿಲ್ದಾಣದಲ್ಲಿಯೂ ಇದನ್ನು ಕಾಣಬಹುದು. ರನ್‌ವೇ ಆರಂಭಕ್ಕೂ ಮುಂಚಿನ ಡಾಂಬರು ಪಟ್ಟಿ ನೋಡಲು ರನ್‌ವೇಯಂತೆಯೇ ಇದ್ದರೂ, ಅದರ ಮೇಲೆ ಹಳದಿ ಶೆವ್ರಾನ್‌ಗಳಿದ್ದರೆ ಅಲ್ಲಿ ವಿಮಾನ ಇಳಿಸುವಂತಿಲ್ಲ. ಅವುಗಳ ಮೊನೆಗಳೆಲ್ಲ ರನ್‌ವೇ ಕಡೆಗೆ ತಿರುಗಿರುತ್ತವೆ.