ಗೇರ್‌ಬಾಕ್ಸ್ ಕೆಟ್ಟರೆ ಎಂಜಿನ್ ಲೈಟ್ ಯಾಕೆ ಹತ್ತುತ್ತೆ?

ನೊಯ್ಡಾ, ಗುರುಗ್ರಾಮದಲ್ಲಿ ಕೆಲಸ ಮಾಡೋ ನಮ್ಮ ಕಡೆಯ ಹುಡುಗರು ನನ್ನನ್ನ ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಆಟೊಮ್ಯಾಟಿಕ್ ಕಾರು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ. ನಾನಿರುವ ಓಖ್ಲಾದ ಕೈಗಾರಿಕಾ ಪ್ರದೇಶದಲ್ಲಿ ಕಾರು ವರ್ಕ್‌ಶಾಪ್‌ಗಳಿಗೆ ಬರವಿಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ, “ಸಾಬ್, ಗೇರ್‌ಬಾಕ್ಸ್ ಕಾ ಸೆನ್ಸರ್ ಗಯಾ” ಅಂತಾರೆ. ಹಾಗಾದ್ರೆ ಎಂಜಿನ್ ದೀಪ ಯಾಕೆ?

ಯಾಕಂದ್ರೆ ಆ ದೀಪ ಹುಟ್ಟಿದ್ದೇ ಊರಿನ ಗಾಳಿ ಕಾಯೋಕೆ. ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬು ಬರೋದು ವಾಹನದ ಹೊಗೆ ಬಿಸಿಲಿಗೆ ಸಿಕ್ಕಾಗ ಅಂತ 1950ರ ಆಸುಪಾಸಿನಲ್ಲಿ ತೋರಿಸಿದವರು ಆರಿ ಹಾಗೆನ್-ಸ್ಮಿಟ್. ಅದಕ್ಕೆ ಮುಂಚೆ ಅನಾನಸ್ ಹಣ್ಣಿನ ಪರಿಮಳದ ಬೆನ್ನು ಹತ್ತಿದ್ದ ರಸಾಯನ ವಿಜ್ಞಾನಿ, ಪಾಪ! ಕ್ಯಾಲಿಫೋರ್ನಿಯಾದ ವಾಯು ಮಂಡಳಿಗೆ ಮೊದಲ ಅಧ್ಯಕ್ಷರೂ ಅವರೇ. ಮುಂದೆ ಆ ಮಂಡಳಿ 1988ರ ಮಾಡೆಲ್‌ಗಳಿಂದ, ಕಾರು ತನ್ನ ದೋಷವನ್ನ ತಾನೇ ಹಿಡಿಯುವ ‘ಓಬಿಡಿ’ ವ್ಯವಸ್ಥೆ ಕಡ್ಡಾಯ ಮಾಡಿತು. 1996ಕ್ಕೆ ಅಮೆರಿಕದ ಎಲ್ಲಾ ಹೊಸ ಕಾರುಗಳಿಗೂ ಓಬಿಡಿ-2: ಒಂದೇ ಥರದ 16 ಪಿನ್ನಿನ ಸಾಕೆಟ್, ಒಂದೇ ಥರದ ಕೋಡ್. ಹೊಗೆ ಹೆಚ್ಚಿಸುವ ದೋಷ ಎಲ್ಲೇ ಇರಲಿ, ದೀಪ ಒಂದೇ. ಗೇರ್ ಸರಿಯಾಗಿ ಬೀಳದಿದ್ದರೆ ಎಂಜಿನ್ ಸುಮ್ಮನೆ ಹೆಚ್ಚು ಸುತ್ತುತ್ತೆ, ಹೊಗೆಯೂ ಹೆಚ್ಚುತ್ತೆ. ಗೇರ್‌ಬಾಕ್ಸ್ ಈ ಲೆಕ್ಕಕ್ಕೆ ಬಂದಿದ್ದು ಹೀಗೆ.

ನಮ್ಮ ದೇಶದಲ್ಲಿ ಈ ಕಥೆಗೆ ದಾರಿ ಮಾಡಿದ್ದು ಕೋರ್ಟು. ದೆಹಲಿ ಗಾಳಿಯ ವಿಷಯ ಹಿಡಿದು ವಕೀಲ ಎಂ. ಸಿ. ಮೆಹ್ತಾ 1985ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. 2010ರಲ್ಲಿ ಬಿಎಸ್-4 ಜೊತೆ ಓಬಿಡಿ ಬಂದಾಗ ದೆಹಲಿ, ಬೆಂಗಳೂರು ಎರಡೂ ಇದ್ದವು. 2013ರಿಂದ ಓಬಿಡಿ-2.

ಈ ಹಿನ್ನೆಲೆ ಗೊತ್ತಿದ್ರೆ ದುಡ್ಡು ಉಳಿಯುತ್ತೆ, ಹೇಗೆ ಅಂತ ನೋಡಿ. ಸ್ಕ್ಯಾನರ್‌ನಲ್ಲಿ ಪಿ0700 ಬಂತು ಅಂದ್ಕೊಳ್ಳಿ. ನಮ್ಮ ಐಟಿ ಭಾಷೆಯಲ್ಲಿ ಇದು ಸರ್ವರ್‌ನ 500 ಎರರ್. ಏನೋ ಕೆಟ್ಟಿದೆ, ವಿವರ ಬೇರೆ ಲಾಗ್‌ನಲ್ಲಿದೆ ಅಂತ ಅರ್ಥ. ಆ ಲಾಗ್ ಇರೋದು ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ. ಎಷ್ಟೋ ಅಗ್ಗದ ಬ್ಲೂಟೂತ್ ಡಾಂಗಲ್‌ಗಳು ಅಲ್ಲಿವರೆಗೆ ಹೋಗೋದೇ ಇಲ್ಲ. ಅಲ್ಲಿ ಪಿ0715 ಇದ್ರೆ ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ವೇಗ ಅಳೆಯೋ ಸೆನ್ಸರಿನ ‘ಸರ್ಕ್ಯೂಟ್’ ದೋಷ. ಗಮನಿಸಿ, ಸರ್ಕ್ಯೂಟ್! ಸೆನ್ಸರ್ ಅದರ ಒಂದು ತುದಿ ಅಷ್ಟೇ. ನಡುವೆ ವೈರು, ನೀರು ನುಗ್ಗಿದ ಕನೆಕ್ಟರ್, ಸಡಿಲ ಪಿನ್ನು ಎಲ್ಲಾ ಇರುತ್ತೆ. ಬ್ಯಾಟರಿ ವೋಲ್ಟೇಜ್ ಬಿದ್ದರೂ ಕೆಲವು ಸಲ ಇಂಥ ಕೋಡ್‌ಗಳ ಸಾಲೇ ಬರುತ್ತೆ. ಇವನ್ನೆಲ್ಲಾ ಮೀಟರ್ ಹಿಡಿದು ನೋಡದೆ ಸೆನ್ಸರ್ ಬದಲಿಸೋದು ನನ್ನ ಪ್ರಕಾರ ಜೂಜು, ಅದೂ ನಿಮ್ಮ ದುಡ್ಡಲ್ಲಿ.

“ಕೋಡ್ ಅಳಿಸಿಬಿಡ್ತೀನಿ” ಅಂದ್ರೆ ತಡೀರಿ. ಅಳಿಸಿದರೆ, ದೋಷ ಬಂದ ಕ್ಷಣದ ವೇಗ, ಎಂಜಿನ್ ಬಿಸಿ ಇವುಗಳ ದಾಖಲೆಯೂ ಹೋಗುತ್ತೆ. ಮೊದಲು ಫೋಟೋ ತಗೊಳ್ಳಿ.

ಇನ್ನೊಂದು ಮಾತು. ದೀಪ ಸುಮ್ಮನೆ ಉರಿತಿದ್ರೆ, ಗಾಡಿ ಎಳೀತಿದ್ರೆ, ನಿಧಾನವಾಗಿ ವರ್ಕ್‌ಶಾಪ್‌ವರೆಗೆ ಓಡಿಸಬಹುದು. ಮಿಟುಕುತ್ತಿದ್ರೆ ಪಕ್ಕಕ್ಕೆ ನಿಲ್ಲಿಸಿ. ಆಗ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಆ 1995ರ ಕಥೆಯ ಕನ್ವರ್ಟರನ್ನೇ ಸುಡುತ್ತಾ ಇರುತ್ತೆ.