ಹೊಸ ಫೋನಿನ ಪರದೆಯಲ್ಲಿ ಬೇಡದ ಬಣ್ಣದ ಛಾಯೆ: ಸೆಟ್ಟಿಂಗೋ, ದೋಷವೋ?

ಹೊಸದಾಗಿ ಕೊಂಡ ಮೊಬೈಲ್ ಫೋನಿನಲ್ಲಿ ಬಿಳಿಯ ಪುಟ ಬಿಳಿಯಾಗಿ ಕಾಣದೆ ಹಳದಿ, ನೀಲಿ, ಹಸಿರು ಅಥವಾ ನಸುಗೆಂಪು ಛಾಯೆ ಹೊತ್ತು ಕಾಣುವುದು ಅಪರೂಪವೇನಲ್ಲ. ಇದಕ್ಕೆ ಎರಡು ಬಗೆಯ ಕಾರಣಗಳಿವೆ. ಫೋನಿನ ಒಳಗಿನ ಯಾವುದೋ ಸೆಟ್ಟಿಂಗ್ ಬೇಕೆಂದೇ ಬಣ್ಣವನ್ನು ಬದಲಿಸುತ್ತಿರಬಹುದು. ಇಲ್ಲವೇ ಪರದೆಯೇ ದೋಷಯುಕ್ತವಾಗಿರಬಹುದು. ಮೊದಲನೆಯದನ್ನು ಸರಿಪಡಿಸಲು ಒಂದು ಪೈಸೆಯ ಖರ್ಚೂ ಇಲ್ಲ. ಎರಡನೆಯದರ ಖರ್ಚನ್ನು ಭರಿಸಬೇಕಾದವರು ಮಾರಿದವರು ಅಥವಾ ತಯಾರಿಸಿದವರು, ಕೊಂಡವರಲ್ಲ. ಯಾವುದು ಎಂದು ತಿಳಿಯುವ ಮೊದಲೇ ಹತ್ತಿರದ ರಿಪೇರಿ ಅಂಗಡಿಯಲ್ಲಿ ಫೋನು ಬಿಚ್ಚಿಸಿದರೆ ಹಣವೂ ಹೋಗುತ್ತದೆ, ವಾರಂಟಿಯೂ ಹೋಗಬಹುದು.

2020ರ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗಿನಿಂದ, ಕನ್ನಡ ಮಾಧ್ಯಮದ ಮನೆಗಳಲ್ಲಿಯೂ ಫೋನು ಪಾಠೋಪಕರಣವಾಗಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠ ನೋಡುವ ಮಕ್ಕಳಿಗೆ ಬಣ್ಣವೆಂಬುದು ಅಲಂಕಾರವಲ್ಲ. ಪ್ರಾಕೃತಿಕ ಭೂಪಟದಲ್ಲಿ ಹಸಿರು ಬಯಲು, ಹಳದಿ ಪ್ರಸ್ಥಭೂಮಿ, ಕಂದು ಬೆಟ್ಟ. ವಿಜ್ಞಾನದಲ್ಲಿ ಲಿಟ್ಮಸ್ ಕಾಗದ. ನಮ್ಮ ಶಾಲೆಯ ಏಳನೆಯ ತರಗತಿಯ ಬಾಲಕಿಯೊಬ್ಬಳು ನೀಲಿ ಲಿಟ್ಮಸ್ ಕಾಗದದ ಬಣ್ಣ ‘ಬೂದಿ’ ಎಂದು ನೋಟುಪುಸ್ತಕದಲ್ಲಿ ಬರೆದಿದ್ದಳು. ತಪ್ಪು ಅವಳದಾಗಿರಲಿಲ್ಲ, ಅವಳು ನೋಡಿದ ಪರದೆಯಲ್ಲಿ ಅದು ಬೂದಿ ಬಣ್ಣವೇ ಆಗಿತ್ತು. ತಂದೆ ಕೂಲಿಯ ಹಣದಲ್ಲಿ ಕೊಂಡ ಹೊಸ ಫೋನು ಅದು. ಅಂಗಡಿಯೊಂದರಲ್ಲಿ ತೋರಿಸಿದಾಗ ‘ಡಿಸ್‌ಪ್ಲೇ ಬದಲಿಸಬೇಕು’ ಎಂಬ ಉತ್ತರ ಬಂದಿತ್ತಂತೆ. ರಕ್ಷಕರ ಸಭೆಗೆ ಬಂದ ದಿನ ಅವರು ಫೋನನ್ನು ನನ್ನ ಕೈಗೆ ಕೊಟ್ಟರು; ಕಣ್ಣಿನ ರಕ್ಷಣೆಯ ಹೆಸರಿನ ಒಂದು ಗುಂಡಿಯನ್ನು ಆರಿಸಿದೊಡನೆ ಪರದೆ ಬಿಳಿಯಾಯಿತು.

ಪರದೆಯಲ್ಲಿ ಬಿಳಿ ಹೇಗೆ ಮೂಡುತ್ತದೆಂಬುದನ್ನು ಅರಿತರೆ ಮುಂದಿನ ಮಾತು ಸುಲಭ. ಪರದೆಯ ಪ್ರತಿಯೊಂದು ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಿರುತ್ತವೆ; ಮೂರೂ ಹದವಾಗಿ ಬೆರೆತಾಗ ಕಣ್ಣಿಗೆ ಬಿಳಿ ಕಾಣುತ್ತದೆ. ನೀಲಿಯನ್ನು ತಗ್ಗಿಸಿದರೆ ಬಿಳಿ ಹಳದಿಯ ಕಡೆಗೆ ವಾಲುತ್ತದೆ. ಕೆಂಪು ಕಡಿಮೆಯಾದರೆ ತಣ್ಣನೆಯ ನೀಲಿ–ಹಸಿರಿನ ಕಡೆಗೆ. ಬಿಳಿಯಲ್ಲಿಯೂ ಬಗೆಗಳುಂಟು, ಅವನ್ನು ಕೆಲ್ವಿನ್ ಎಂಬ ಮಾನದಲ್ಲಿ ಹೇಳುತ್ತಾರೆ. ಹಳೆಯ ಕಾಲದ ತಂತಿ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್. ಪರದೆಗಳಿಗೆ ಮಾದರಿಯಾಗಿ ಇಟ್ಟುಕೊಂಡಿರುವ ಹಗಲಿನ ಬಿಳಿ ಸುಮಾರು 6500. ಅನೇಕ ಫೋನುಗಳು ಕಾರ್ಖಾನೆಯಿಂದಲೇ ಇದಕ್ಕಿಂತ ನೀಲಿಯ ಕಡೆಗೆ ವಾಲಿಕೊಂಡು ಬರುತ್ತವೆ, ಏಕೆಂದರೆ ಅಂಗಡಿಯ ಬೆಳಕಿನಲ್ಲಿ ಅಂಥ ಪರದೆ ಹೆಚ್ಚು ಹೊಳೆಯುವಂತೆ ತೋರುತ್ತದೆ. ಆದ್ದರಿಂದ ಹಳೆಯ ಫೋನಿನ ಪಕ್ಕದಲ್ಲಿ ಹೊಸದನ್ನಿಟ್ಟಾಗ ವ್ಯತ್ಯಾಸ ಕಂಡರೆ ಕೂಡಲೇ ಗಾಬರಿಯಾಗಬೇಕಿಲ್ಲ. ಒಂದೇ ಮಾದರಿಯ ಎರಡು ಫೋನುಗಳ ಬಿಳಿಯೂ ತದ್ರೂಪವಾಗಿರುವುದಿಲ್ಲ. ನಮ್ಮ ಕಣ್ಣು ಎರಡು ಮೂರು ದಿನಗಳಲ್ಲಿ ಹೊಸ ಬಿಳಿಗೆ ಒಗ್ಗಿಕೊಳ್ಳುತ್ತದೆ.

ಪರೀಕ್ಷೆಯನ್ನು ಹಗಲಿನಲ್ಲಿ, ಕಿಟಕಿಯ ಬಳಿ ಮಾಡಬೇಕು. ಹಳದಿ ಬಲ್ಬಿನ ಕೆಳಗೆ ಯಾವ ತೀರ್ಮಾನವೂ ಸಲ್ಲದು. ನೋಟ್ಸ್ ಆ್ಯಪ್‌ನ ಖಾಲಿ ಬಿಳಿ ಪುಟವನ್ನು ತೆರೆದು, ಬೆಳಕನ್ನು ಪೂರ್ತಿ ಏರಿಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ನೋಡಿರಿ. ಆಮೇಲೆ ಅದೇ ಪುಟದ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಂದು ಫೋನಿಗೆ ಕಳುಹಿಸಿರಿ. ಅಲ್ಲಿಯೂ ಛಾಯೆ ಕಂಡರೆ, ಪರದೆಯ ಮೇಲೆ ಬಣ್ಣದ ಪದರ ಹಾಸುವ ಯಾವುದೋ ಆ್ಯಪ್ ಕಾರಣ. ಅಲ್ಲಿ ಶುದ್ಧ ಬಿಳಿಯಾಗಿ ಕಂಡರೆ ಫೋನಿನ ಸ್ವಂತ ಬಣ್ಣದ ಸೆಟ್ಟಿಂಗ್ ಅಥವಾ ಪರದೆಯೇ ಕಾರಣ. ಫೋನಿನ ಸ್ವಂತ ಸೆಟ್ಟಿಂಗ್ ಬೆರೆಸುವ ಬಣ್ಣ ಸಾಮಾನ್ಯವಾಗಿ ಸ್ಕ್ರೀನ್‌ಶಾಟ್‌ನಲ್ಲಿ ದಾಖಲಾಗುವುದಿಲ್ಲ.

ಇಲ್ಲಿ ಗಡಿನಾಡಿನ ರಕ್ಷಕರಿಗೆ ಎದುರಾಗುವ ತೊಡಕೊಂದಿದೆ. ಅಂಗಡಿಯಲ್ಲಿಯೇ ಫೋನನ್ನು ‘ಸಿದ್ಧಪಡಿಸಿ’ ಕೊಡುವಾಗ ಕಾಸರಗೋಡಿನಲ್ಲಿ ಮಲಯಾಳವನ್ನೋ, ತಾಳವಾಡಿಯಲ್ಲಿ ತಮಿಳನ್ನೋ, ಅಕ್ಕಲಕೋಟೆಯಲ್ಲಿ ಮರಾಠಿಯನ್ನೋ ಅಥವಾ ಇಂಗ್ಲಿಷನ್ನೋ ಆರಿಸಿಬಿಟ್ಟಿರುತ್ತಾರೆ. ಓದಲು ಬಾರದ ಭಾಷೆಯ ಪಟ್ಟಿಯಲ್ಲಿ ಸೆಟ್ಟಿಂಗ್ ಹುಡುಕುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಆದ್ದರಿಂದ ಮೊದಲು ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿರಿ. ಹಲ್ಲುಚಕ್ರದ ಗುರುತಿರುವ ಸೆಟ್ಟಿಂಗ್ಸ್ ತೆರೆದು, ಬಹುತೇಕ ಕೊನೆಯಲ್ಲಿರುವ ಸಿಸ್ಟಂ ಅಥವಾ ಸಾಮಾನ್ಯ ನಿರ್ವಹಣೆ ಎಂಬಲ್ಲಿಗೆ ಹೋದರೆ ಭಾಷೆಗಳ ಪಟ್ಟಿ ಸಿಗುತ್ತದೆ. ಅನೇಕ ಫೋನುಗಳಲ್ಲಿ ಅದರ ಪಕ್ಕದಲ್ಲಿ ಗೋಳದ ಚಿತ್ರವಿರುತ್ತದೆ. ಆ ಪಟ್ಟಿಯಲ್ಲಿ ‘ಕನ್ನಡ’ ಎಂಬ ಪದ ಕನ್ನಡ ಲಿಪಿಯಲ್ಲಿಯೇ ಇರುತ್ತದೆ. ಮುಂದೆ ಹೇಳುವ ಹೆಸರುಗಳು ಕಂಪನಿಯಿಂದ ಕಂಪನಿಗೆ ತುಸು ಬೇರೆಯಾಗಬಹುದು, ಸ್ಥಳ ಮಾತ್ರ ಹೆಚ್ಚುಕಡಿಮೆ ಅದೇ.

ಹಳದಿ ಅಥವಾ ಕಿತ್ತಳೆ ಛಾಯೆಗೆ ಅತ್ಯಂತ ಸಾಮಾನ್ಯ ಕಾರಣ ನೀಲಿ ಬೆಳಕನ್ನು ತಗ್ಗಿಸುವ ಸೌಲಭ್ಯ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ನೈಟ್ ಲೈಟ್. ಸ್ಯಾಮ್‌ಸಂಗ್‌ನಲ್ಲಿ ಐ ಕಂಫರ್ಟ್ ಶೀಲ್ಡ್, ಶಿಯೋಮಿಯಲ್ಲಿ ರೀಡಿಂಗ್ ಮೋಡ್, ಐಫೋನಿನಲ್ಲಿ ನೈಟ್ ಶಿಫ್ಟ್. ಎಲ್ಲವೂ ಡಿಸ್‌ಪ್ಲೇ ವಿಭಾಗದಲ್ಲಿರುತ್ತವೆ. ಪರದೆಯ ಮೇಲ್ತುದಿಯಿಂದ ಬೆರಳು ಎಳೆದಾಗ ಬರುವ ಗುಂಡಿಗಳ ನಡುವೆಯೂ ಚಂದ್ರನ ಅಥವಾ ಕಣ್ಣಿನ ಚಿತ್ರದಲ್ಲಿ ಕಾಣಿಸುತ್ತವೆ. ಇದನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಾನಾಗಿ ನಡೆಯುವಂತೆ ಹೊಂದಿಸಬಹುದಾದ್ದರಿಂದ, ಹಗಲು ಸರಿಯಿದ್ದ ಪರದೆ ಸಂಜೆ ಹಳದಿಯಾಗುತ್ತದೆ. ‘ದೋಷ ಬಂದು ಹೋಗುತ್ತಿದೆ’ ಎಂದು ಹೇಳುವವರ ಫೋನುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಐಫೋನಿನಲ್ಲಿ ಇದಲ್ಲದೆ ಟ್ರೂ ಟೋನ್ ಎಂಬ ಇನ್ನೊಂದು ಸೌಲಭ್ಯವಿದೆ. ಅದು ಕೋಣೆಯ ಬೆಳಕನ್ನು ಅಳೆದು ಪರದೆಯನ್ನೂ ಅದಕ್ಕೆ ಹೊಂದಿಸುವುದರಿಂದ ಹಳದಿ ಬಲ್ಬಿನ ಕೆಳಗೆ ಪರದೆಯೂ ಹಳದಿಯಾಗುತ್ತದೆ.

ಇವನ್ನು ಆರಿಸಿದರೆ ಮಕ್ಕಳ ಕಣ್ಣು ಹಾಳಾದೀತೆಂದು ಕೆಲವು ತಾಯಂದಿರು ಕೇಳುತ್ತಾರೆ. ಪರದೆಯ ನೀಲಿ ಬೆಳಕಿನಿಂದ ಕಣ್ಣಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿಯೇ ಹೇಳಿದೆ. ಕಣ್ಣು ದಣಿಯುವುದು ಹೆಚ್ಚಾಗಿ ಎವೆ ಮುಚ್ಚದೆ, ಹತ್ತಿರ ಹಿಡಿದು, ಬಹುಹೊತ್ತು ನೋಡುವುದರಿಂದ. ಪಾಠದ ಹೊತ್ತಿನಲ್ಲಿ ಈ ಸೌಲಭ್ಯವನ್ನು ಆರಿಸಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪರದೆ ಪೂರ್ತಿ ಕಪ್ಪು–ಬಿಳುಪಾಗಿದ್ದರೆ, ಅಥವಾ ಫೋಟೋದ ನೆಗೆಟಿವ್‌ನಂತೆ ಬಣ್ಣಗಳು ತಿರುಗುಮುರುಗಾಗಿದ್ದರೆ, ಕಾರಣ ಬೇರೆ ಕಡೆಯಿದೆ. ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿರುವ ಬೆಡ್‌ಟೈಮ್ ಮೋಡ್, ನಿಗದಿಯಾದ ರಾತ್ರಿಯ ಹೊತ್ತಿಗೆ ಪರದೆಯನ್ನು ಬೂದಿ ಬಣ್ಣಕ್ಕೆ ತಿರುಗಿಸಬಲ್ಲದು. ಅಕ್ಸೆಸಿಬಿಲಿಟಿ ವಿಭಾಗದಲ್ಲಿ ಬಣ್ಣ ತಿದ್ದುಪಡಿ, ಬಣ್ಣ ವಿಲೋಮ ಎಂಬ ಎರಡು ಆಯ್ಕೆಗಳಿವೆ. ಕನ್ನಡದ ಫೋನಿನಲ್ಲಿ ಈ ವಿಭಾಗಕ್ಕೆ ‘ಪ್ರವೇಶಿಸುವಿಕೆ’ ಎಂದು ಹೆಸರಿಟ್ಟಿದ್ದಾರೆ. ಆ ಪದದಿಂದ ಯಾರಿಗೂ ಏನೂ ತಿಳಿಯದು. ದೃಷ್ಟಿ, ಶ್ರವಣಗಳ ತೊಂದರೆಯುಳ್ಳವರಿಗಾಗಿ ಇರುವ ಸೌಲಭ್ಯಗಳ ವಿಭಾಗ ಅದು. ಕೆಂಪು–ಹಸಿರು ಭೇದ ಕಾಣದವರಿಗೆ ಬಣ್ಣ ತಿದ್ದುಪಡಿ ನಿಜಕ್ಕೂ ಉಪಕಾರಿ, ಉಳಿದವರಿಗೆ ಅದೊಂದು ವಿಚಿತ್ರ ಛಾಯೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಧ್ವನಿಯ ಎರಡೂ ಗುಂಡಿಗಳನ್ನು ಒಟ್ಟಿಗೆ ಕೆಲವು ಸೆಕೆಂಡು ಒತ್ತಿ ಹಿಡಿದರೆ ಇಂಥ ಸೌಲಭ್ಯ ಆರಂಭವಾಗುವಂತೆ ಹೊಂದಿಸಬಹುದು. ಹಾಗೆ ಹೊಂದಿಸಿದ್ದರೆ, ಮನೆಯ ಚಿಕ್ಕ ಮಗು ಆಟವಾಡುತ್ತ ಗುಂಡಿಗಳನ್ನು ಒತ್ತಿದರೂ ಸಾಕು.

ಇವೆಲ್ಲವೂ ಆರಿದ ಮೇಲೂ ತೆಳುವಾದ, ಪರದೆಯ ತುಂಬ ಏಕರೀತಿಯಾದ ನೀಲಿ ಅಥವಾ ಹಳದಿ ಉಳಿದರೆ, ಡಿಸ್‌ಪ್ಲೇ ವಿಭಾಗದಲ್ಲಿ ಸ್ಕ್ರೀನ್ ಮೋಡ್, ಕಲರ್ ಮೋಡ್ ಅಥವಾ ಕಲರ್ ಸ್ಕೀಮ್ ಎಂಬುದನ್ನು ನೋಡಿರಿ. ಅಲ್ಲಿ ವಾರ್ಮ್ ಎಂದರೆ ಹಳದಿಯ ಕಡೆ, ಕೂಲ್ ಎಂದರೆ ನೀಲಿಯ ಕಡೆ. ಕೆಲ್ವಿನ್ ಲೆಕ್ಕದಲ್ಲಿ ನೀಲಿಯೇ ಹೆಚ್ಚಿನ ಉಷ್ಣತೆಯದಾದರೂ ಹೆಸರು ಮಾತ್ರ ತಂಪು! ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ವಿವಿಡ್ ಆರಿಸಿದರೆ ಬಿಳಿಯನ್ನು ಹದಗೊಳಿಸುವ ಪಟ್ಟಿಯೊಂದು ಬರುತ್ತದೆ. ಬಿಳಿ ಹಾಳೆಯನ್ನು ಪಕ್ಕದಲ್ಲಿಟ್ಟು ಅದನ್ನು ಮೆಲ್ಲನೆ ಸರಿಸುತ್ತ ಹೋಗಬಹುದು. ಕಡಿಮೆ ಬೆಲೆಯ ಮಾದರಿಗಳಲ್ಲಿ ಈ ಆಯ್ಕೆ ಇಲ್ಲದಿರಲೂಬಹುದು.

ಸ್ಕ್ರೀನ್‌ಶಾಟ್‌ನಲ್ಲಿಯೂ ಛಾಯೆ ಕಂಡಿದ್ದರೆ ಫೋನನ್ನು ಸೇಫ್ ಮೋಡ್‌ನಲ್ಲಿ ತೆರೆಯಬೇಕು. ಹಲವು ಫೋನುಗಳಲ್ಲಿ ಪವರ್ ಆಫ್ ಎಂಬ ಗುಂಡಿಯನ್ನು ಒತ್ತಿ ಹಿಡಿದರೆ ಅದರ ಆಯ್ಕೆ ಬರುತ್ತದೆ. ಸೇಫ್ ಮೋಡ್‌ನಲ್ಲಿ ಆಮೇಲೆ ಹಾಕಿಸಿಕೊಂಡ ಆ್ಯಪ್‌ಗಳು ಕೆಲಸ ಮಾಡುವುದಿಲ್ಲ. ಆಗ ಪರದೆ ಬಿಳಿಯಾದರೆ ಇತ್ತೀಚೆಗೆ ಸೇರಿಸಿದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆಯಿರಿ.

ಮರೆಯುವಂಥ ಇನ್ನೊಂದು ಕಾರಣ ಪರದೆಯ ಮೇಲೆ ಅಂಟಿಸುವ ಗಾಜು. ಫೋನು ಕೊಂಡ ಕ್ಷಣದಲ್ಲೇ ಅಂಗಡಿಯಲ್ಲಿ ಟೆಂಪರ್ಡ್ ಗ್ಲಾಸ್ ಅಂಟಿಸಿಬಿಡುತ್ತಾರೆ, ಮೂಲ ಪರದೆಯ ಬಣ್ಣವನ್ನು ನಾವು ನೋಡಿಯೇ ಇರುವುದಿಲ್ಲ. ‘ಬ್ಲೂ ಕಟ್’ ಎಂದು ಮಾರುವ ಗಾಜು ಹಳದಿ ಛಾಯೆ ಕೊಡುತ್ತದೆ. ‘ಪ್ರೈವಸಿ’ ಗಾಜು ಪರದೆಯನ್ನು ಮಬ್ಬಾಗಿಸುತ್ತದೆ. ಗಾಜು ಹಾಕಿಸುವ ಮೊದಲು ಐದು ನಿಮಿಷ ಬರಿ ಪರದೆಯನ್ನು ನೋಡಿರಿ.

ಇನ್ನು ನಿಜವಾದ ದೋಷಗಳು. ಛಾಯೆ ಪರದೆಯ ಒಂದು ಮೂಲೆಯಲ್ಲಿ ಮಾತ್ರ ಇದ್ದರೆ, ಗೆರೆಯಾಗಿ ಮೂಡಿದರೆ, ಮಿನುಗಿದರೆ, ದಿನದಿಂದ ದಿನಕ್ಕೆ ಹರಡಿದರೆ ಅದು ಸೆಟ್ಟಿಂಗ್ ಅಲ್ಲ. ಓಎಲ್ಇಡಿ ಪರದೆಗಳಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ, ಬೆಳಕನ್ನು ತೀರಾ ತಗ್ಗಿಸಿದಾಗ ಬೂದಿ ಹಿನ್ನೆಲೆಯಲ್ಲಿ ಹಸಿರು ಅಥವಾ ನಸುಗೆಂಪು ಮಚ್ಚೆಗಳು ಕಾಣಬಹುದು. ಅಲ್ಪವಾಗಿದ್ದರೆ ಸೇವಾ ಕೇಂದ್ರಗಳು ಇದನ್ನು ಸಹಜವೆನ್ನುತ್ತವೆ, ಎದ್ದು ಕಾಣುವಂತಿದ್ದರೆ ವಾದಿಸಬಹುದು. ಓರೆಯಾಗಿ ಹಿಡಿದಾಗ ತುಸು ನೀಲಿಯಾಗುವುದೂ ಆ ಬಗೆಯ ಪರದೆಗಳ ಸ್ವಭಾವ. ಆದರೆ 2017ರಲ್ಲಿ ಗೂಗಲ್‌ನ ಪಿಕ್ಸೆಲ್ 2 ಎಕ್ಸ್‌ಎಲ್ ಫೋನಿನ ನೀಲಿ ಛಾಯೆ ಮತ್ತು ಪರದೆಯ ಇತರ ದೂರುಗಳು ಎಷ್ಟು ಹೆಚ್ಚಿದುವೆಂದರೆ, ಕಂಪನಿಯು ಹೊಸ ಬಣ್ಣದ ಆಯ್ಕೆಯೊಂದನ್ನು ಕೊಟ್ಟು, ವಾರಂಟಿಯನ್ನು ಎರಡು ವರ್ಷಕ್ಕೆ ಏರಿಸಬೇಕಾಯಿತು. 2020ರಲ್ಲಿ ಸ್ಯಾಮ್‌ಸಂಗ್‌ನ ಎಸ್20 ಅಲ್ಟ್ರಾ ಫೋನುಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟಿನ ಬಳಿಕ ಹಸಿರು ಛಾಯೆ ಕಾಣಿಸಿಕೊಂಡಿತು, ಮತ್ತೊಂದು ಅಪ್‌ಡೇಟಿನಿಂದ ಅದನ್ನು ಸರಿಪಡಿಸಲಾಯಿತು. ಹೀಗಾಗಿ ದೂರು ಕೊಡುವ ಮೊದಲು ಬಾಕಿಯಿರುವ ಅಪ್‌ಡೇಟ್ ಹಾಕಿ ನೋಡುವುದು ಒಳ್ಳೆಯದು. ಸ್ಯಾಮ್‌ಸಂಗ್ ಫೋನುಗಳಲ್ಲಿ ಕರೆ ಮಾಡುವ ಪಟ್ಟಿಯಲ್ಲಿ *#0*# ಒತ್ತಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ಪೂರ್ಣ ಪರದೆಯಲ್ಲಿ ನೋಡಬಹುದು. ಯಾವುದಾದರೂ ಒಂದು ಬಣ್ಣ ಮೂಡದಿದ್ದರೆ ಪರದೆ ಅಥವಾ ಅದರ ಜೋಡಣೆ ಕೆಟ್ಟಿದೆ.

ದೋಷವೆಂದು ತೋರಿದ ದಿನವೇ ದೂರು ಕೊಡಬೇಕು. ಆನ್‌ಲೈನ್ ಮಾರಾಟಗಾರರು ಬದಲಿಸಿಕೊಡುವ ಅವಧಿ ಕೆಲವೇ ದಿನಗಳದ್ದು. ಅದು ಕಳೆದರೆ ಉಳಿಯುವುದು ತಯಾರಕರ ವಾರಂಟಿ. ಸಾಕ್ಷಿಗೆ ಫೋಟೋ ತೆಗೆಯುವಾಗ ಸರಿಯಾದ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಿರಿ. ಒಂದೇ ಪರದೆಯ ಚಿತ್ರ ತೆಗೆದರೆ ಕ್ಯಾಮೆರಾ ತಾನೇ ಬಣ್ಣವನ್ನು ತಿದ್ದಿಬಿಡುತ್ತದೆ. ಸೇವಾ ಕೇಂದ್ರದಲ್ಲಿ ಫೋನು ಕೊಟ್ಟಾಗ ಜಾಬ್ ಶೀಟ್ ಕೇಳಿ ಪಡೆಯಿರಿ, ಅದರಲ್ಲಿ ಛಾಯೆಯ ದೂರನ್ನೇ ಬರೆದಿರುವರೋ ಎಂದು ಯಾರಿಂದಲಾದರೂ ಓದಿಸಿ ಆಮೇಲೆ ಸಹಿ ಹಾಕಿರಿ.

ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅಂಥದೇ. ಗಡಿಯಾಚೆ ಕೊಂಡವರಿಗೆ ಈ ಕಾಯ್ದೆಯ ಇನ್ನೊಂದು ವಿಧಿ ಬಹಳ ಉಪಯುಕ್ತ: ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಂಗಳೂರಿನಲ್ಲಿ ಕೊಂಡ ಫೋನಿಗಾಗಿ ಮಂಜೇಶ್ವರದವರು ಕಾಸರಗೋಡಿನಲ್ಲಿ, ಚಾಮರಾಜನಗರದಲ್ಲಿ ಕೊಂಡದ್ದಕ್ಕೆ ತಾಳವಾಡಿಯವರು ಈರೋಡಿನಲ್ಲಿ, ಕಲಬುರಗಿಯಲ್ಲಿ ಕೊಂಡದ್ದಕ್ಕೆ ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಬೆಲೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕಾಲಮಿತಿ ಎರಡು ವರ್ಷ. ಆಯೋಗಕ್ಕೆ ಹೋಗುವ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅದು ಸೇವೆ ಒದಗಿಸುವ 17 ಭಾಷೆಗಳಲ್ಲಿ ಕನ್ನಡವೂ ಇದೆ. ಕರೆ ಮಾಡುವಾಗ ಬಿಲ್ಲು, ಜಾಬ್ ಶೀಟ್ ಮತ್ತು ಫೋನಿನ ಐಎಂಇಐ ಸಂಖ್ಯೆ ಕೈಯಲ್ಲಿರಲಿ. ಆ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುತ್ತದೆ. ಪೆಟ್ಟಿಗೆ ಕಳೆದಿದ್ದರೆ *#06# ಒತ್ತಿದಾಗ ಪರದೆಯಲ್ಲಿ ಬರುತ್ತದೆ.