ಸೂಳೆಕೆರೆ ಪರಿಸರದಲ್ಲಿ ಬೆಟ್ಟ ಚಾರಣ ಹಾಗೂ ವನ್ಯಜೀವಿ ವೀಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆಯು ಶಾಂತಿಸಾಗರ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿರುತ್ತದೆ. ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ಹರಿದ್ರಾ ಹೊಳೆಯ ನೀರನ್ನು ತಡೆದು ನಿರ್ಮಿಸಲಾದ ಈ ಪ್ರಾಚೀನ ಕೆರೆಯನ್ನು ಶಾಂತವ್ವ ಎಂಬಾಕೆಯು ಕಟ್ಟಿಸಿದಳೆಂಬುದು ಐತಿಹ್ಯ. ಸಿದ್ದನಾಲೆ ಮತ್ತು ಬಸವನಾಲೆಗಳ ಮೂಲಕ ಕೆರೆಯ ನೀರು ಕೆಳಗಿನ ಜಮೀನುಗಳಿಗೆ ಹರಿಯುತ್ತದೆ.

ಸೂಳೆಕೆರೆಯನ್ನು ನಡುವೆ ಇರಿಸಿಕೊಂಡು ನೋಡಿದಲ್ಲಿ, ಜಿಲ್ಲೆಯ ಎರಡು ತುದಿಗಳಲ್ಲಿ ಎರಡು ಬಗೆಯ ಅರಣ್ಯಗಳಿವೆ. ನೈಋತ್ಯಕ್ಕೆ ಚನ್ನಗಿರಿ ಮತ್ತು ನ್ಯಾಮತಿ ತಾಲ್ಲೂಕುಗಳ ಕಾಡು ಭದ್ರಾವತಿ, ಶಿವಮೊಗ್ಗ ಕಡೆಯ ಮಲೆನಾಡಿನ ಅಂಚನ್ನು ಮುಟ್ಟುತ್ತದೆ. ಈಶಾನ್ಯಕ್ಕೆ ಜಗಳೂರು ತಾಲ್ಲೂಕಿನ ಒಣ ಎಲೆ ಉದುರುವ ಕುರುಚಲು ಕಾಡು ಇದೆ. ಈ ಪ್ರದೇಶಗಳಲ್ಲಿ ಚಾರಣ ಅಥವಾ ವನ್ಯಜೀವಿ ವೀಕ್ಷಣೆ ಕೈಗೊಳ್ಳಬಯಸುವವರು ಎಲ್ಲಿಗೆ ಅನುಮತಿ ಪಡೆಯಬೇಕು ಮತ್ತು ಅದು ಏಕೆ ಅಗತ್ಯವೆಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಸ್ಥಳಗಳ ವರ್ಗೀಕರಣ

ಅರ್ಜಿ ಸಲ್ಲಿಸುವ ಮುನ್ನ ತಾವು ಹೋಗಬೇಕೆಂದಿರುವ ಸ್ಥಳವು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಅ) ಸಾರ್ವಜನಿಕ ದಾರಿಯಿರುವ ಬೆಟ್ಟಗಳು: ಚನ್ನಗಿರಿ ಪಟ್ಟಣದ ಕೋಟೆ ಬೆಟ್ಟ ಹಾಗೂ ಅದರ ಮೇಲಿನ ರಂಗನಾಥಸ್ವಾಮಿ ದೇವಾಲಯ, ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಸಮೀಪದ ತೀರ್ಥರಾಮೇಶ್ವರ ಮತ್ತು ಸೂಳೆಕೆರೆಯ ಏರಿ ಈ ವರ್ಗಕ್ಕೆ ಸೇರುತ್ತವೆ. ಭಕ್ತಾದಿಗಳು ನಡೆಯುವ ರೂಢಿಯ ದಾರಿಯಲ್ಲಿಯೇ ಹಗಲಿನಲ್ಲಿ ಹೋಗಿ ಬರತಕ್ಕದ್ದು. ದಾರಿ ಬಿಟ್ಟು ಅಕ್ಕಪಕ್ಕದ ಕಾಡಿಗೆ ಇಳಿದಲ್ಲಿ ಮುಂದಿನ ವರ್ಗದ ನಿಯಮಗಳು ಅನ್ವಯವಾಗುತ್ತವೆ.

ಆ) ಕಾಯ್ದಿಟ್ಟ ಅರಣ್ಯ: ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಕಾಯ್ದಿಟ್ಟ ಅರಣ್ಯದೊಳಗೆ ಅತಿಕ್ರಮ ಪ್ರವೇಶ ಮಾಡುವುದು ಮತ್ತು ಬೆಂಕಿ ಹಚ್ಚುವುದು ಅಪರಾಧವಾಗಿರುತ್ತದೆ. ಚಾರಣ ಅಥವಾ ಶಿಬಿರಕ್ಕಾಗಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಮೂಲಕ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಅನುಮತಿ ಕೋರಬೇಕು.

ಇ) ವನ್ಯಜೀವಿಧಾಮ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮವು ಈ ವರ್ಗದ್ದಾಗಿದ್ದು, ಇದರ ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಇರುತ್ತದೆ. ಇದನ್ನು 2011ರಲ್ಲಿ ಘೋಷಿಸಲಾಯಿತು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27ನೇ ಪ್ರಕರಣದಂತೆ, ಒಳಗೆ ವಾಸಿಸುವವರು ಮತ್ತು ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದ ಕೆಲವರನ್ನು ಹೊರತುಪಡಿಸಿ ಇತರರು ಅನುಮತಿಪತ್ರವಿಲ್ಲದೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. 28ನೇ ಪ್ರಕರಣದಡಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸೋದ್ಯಮ ಹಾಗೂ ನಿವಾಸಿಗಳೊಡನೆ ಕಾನೂನುಬದ್ಧ ವ್ಯವಹಾರ, ಈ ಉದ್ದೇಶಗಳಿಗೆ ಅನುಮತಿ ನೀಡಲು ಅವಕಾಶವಿದೆ.

3. ಕೊಂಡುಕುರಿ ಮತ್ತು ಬೇಸಿಗೆಯ ನೀರು

ನಾಲ್ಕು ಕೊಂಬುಗಳುಳ್ಳ ಈ ಸಣ್ಣ ಪ್ರಾಣಿಯು ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಸಹಜವಾಗಿ ಕಂಡುಬರುತ್ತದೆ. ತೂಕ ಸಾಮಾನ್ಯವಾಗಿ 17ರಿಂದ 22 ಕಿ.ಗ್ರಾಂ. ಗಂಡಿಗೆ ಮಾತ್ರ ಕೊಂಬುಗಳಿದ್ದು, ಹಿಂದಿನ ಜೋಡಿಗಿಂತ ಮುಂದಿನ ಜೋಡಿ ಚಿಕ್ಕದಾಗಿರುತ್ತದೆ. ಇದು ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಇಲ್ಲವೆ ಜೋಡಿಯಾಗಿ ಪೊದೆಗಳ ಮರೆಯಲ್ಲಿ ಬದುಕುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವ ಅಭ್ಯಾಸವಿರುವುದರಿಂದ, ಸಿಬ್ಬಂದಿಯು ಪ್ರಾಣಿಯನ್ನು ಕಾಣದೆಯೂ ಅದರ ಇರುವನ್ನು ಗುರುತಿಸಬಲ್ಲರು.

ಕೊಂಡುಕುರಿಗೆ ನೀರು ಸಮೀಪದಲ್ಲಿಯೇ ಇರಬೇಕು. ಜಗಳೂರು ಕಡಿಮೆ ಮಳೆಯ ತಾಲ್ಲೂಕಾಗಿದ್ದು, ಬೇಸಿಗೆಯಲ್ಲಿ ಕಾಡಿನೊಳಗೆ ಉಳಿಯುವ ನೀರಿನ ಗುಂಡಿಗಳು ಕೆಲವೇ. ಅಂತಹ ಗುಂಡಿಯ ಬಳಿ ಪ್ರವಾಸಿಗರ ಗುಂಪು ಬುತ್ತಿ ಬಿಚ್ಚಿ ಕುಳಿತಲ್ಲಿ, ನಾಚಿಕೆ ಸ್ವಭಾವದ ಈ ಪ್ರಾಣಿಯು ಅತ್ತ ಸುಳಿಯುವುದಿಲ್ಲ. ಪ್ರವಾಸಿಗರಿಗೆ ಅದು ಒಂದು ಗಂಟೆಯ ವಿಶ್ರಾಂತಿ. ಕೊಂಡುಕುರಿಗೆ ಅಂದಿನ ನೀರು ತಪ್ಪಿದಂತೆ. ಪ್ರವೇಶದ ದಿನ, ದಾರಿ ಮತ್ತು ಸಂಖ್ಯೆಯನ್ನು ಅನುಮತಿಪತ್ರದಲ್ಲಿ ನಿಗದಿಪಡಿಸುವುದರ ಮುಖ್ಯ ಉದ್ದೇಶವು ಇದೇ ಆಗಿರುತ್ತದೆ. ಪ್ರಾಣಿಯು ಕಾಣಿಸುವ ಖಾತರಿಯನ್ನು ಯಾವ ಅನುಮತಿಪತ್ರವೂ ನೀಡುವುದಿಲ್ಲ.

4. ಕಾಲ ಮತ್ತು ಕಾಡ್ಗಿಚ್ಚು

ಮುಂಗಾರು ಮುಗಿದ ನಂತರ ಅಕ್ಟೋಬರ್‌ನಿಂದ ಜನವರಿಯವರೆಗೆ ಚಾರಣಕ್ಕೆ ಅನುಕೂಲವಾದ ಕಾಲ. ಫೆಬ್ರವರಿಯಿಂದ ಮೇವರೆಗೆ ಒಣ ಹುಲ್ಲು ಹಾಗೂ ತರಗೆಲೆಗಳಿಂದಾಗಿ ಕಾಡ್ಗಿಚ್ಚಿನ ಭಯವಿದ್ದು, ಈ ಅವಧಿಯಲ್ಲಿ ಚಾರಣ ಪಥಗಳನ್ನು ಮುಚ್ಚುವುದು ರೂಢಿಯಲ್ಲಿದೆ. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದನ್ನು 30ನೇ ಪ್ರಕರಣವೂ, ಪೂರ್ವಾನುಮತಿಯಿಲ್ಲದೆ ಆಯುಧ ಒಯ್ಯುವುದನ್ನು 31ನೇ ಪ್ರಕರಣವೂ ನಿಷೇಧಿಸುತ್ತವೆ. ಅಧಿನಿಯಮದ ಸಾಮಾನ್ಯ ಉಲ್ಲಂಘನೆಗೆ, 2022ರ ತಿದ್ದುಪಡಿಯ ನಂತರ, 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೊಂಡುಕುರಿಯು ಒಂದನೇ ಅನುಸೂಚಿಯ ಪ್ರಾಣಿಯಾದ್ದರಿಂದ ಅದರ ಬೇಟೆಗೆ ಇನ್ನೂ ಕಠಿಣ ಶಿಕ್ಷೆ ಇರುತ್ತದೆ.

5. ಆನೆ ಸಂಚಾರವಿರುವ ಪ್ರದೇಶ

ಚನ್ನಗಿರಿ ಮತ್ತು ನ್ಯಾಮತಿ ತಾಲ್ಲೂಕುಗಳ ಕಾಡಂಚಿನ ಗ್ರಾಮಗಳಿಗೆ ಆನೆಗಳು ಬಂದಿರುವ ನಿದರ್ಶನಗಳಿವೆ. 2023ರ ಏಪ್ರಿಲ್‌ನಲ್ಲಿ ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಸಮೀಪ ಆನೆ ಸೆರೆ ಕಾರ್ಯಾಚರಣೆಯ ವೇಳೆ ಅನುಭವಿ ಪಶುವೈದ್ಯಾಧಿಕಾರಿಯೊಬ್ಬರೇ ಆನೆಯ ದಾಳಿಯಿಂದ ತೀವ್ರವಾಗಿ ಗಾಯಗೊಂಡರು. ತರಬೇತಿ ಪಡೆದ ತಂಡಕ್ಕೇ ಇಂತಹ ಅಪಾಯವಿರುವಾಗ, ಇಲಾಖೆಯ ಸಿಬ್ಬಂದಿಯಿಲ್ಲದೆ ಸಾರ್ವಜನಿಕರು ಈ ಕಾಡುಗಳಲ್ಲಿ ನಡೆದಾಡುವುದು ಸರ್ವಥಾ ಸಲ್ಲದು.

6. ಸಫಾರಿ ಸೌಲಭ್ಯ

ವಾಹನದಲ್ಲಿ ಕುಳಿತು ವನ್ಯಪ್ರಾಣಿಗಳನ್ನು ನೋಡಬಯಸುವ ಕುಟುಂಬಗಳಿಗೆ ನೆರೆಯ ಜಿಲ್ಲೆಗಳಲ್ಲಿ ಸೌಲಭ್ಯವಿದೆ. ಶಿವಮೊಗ್ಗ ಬಳಿಯ ತ್ಯಾವರೆಕೊಪ್ಪದಲ್ಲಿ 1988ರಲ್ಲಿ ಆರಂಭವಾದ ಹುಲಿ ಮತ್ತು ಸಿಂಹಧಾಮದಲ್ಲಿ ಪ್ರಾಣಿಗಳು ಬೇಲಿಯಿರುವ ಆವರಣದೊಳಗಿರುತ್ತವೆ. ಭದ್ರಾ ಅರಣ್ಯವು ಇದಕ್ಕಿಂತ ಭಿನ್ನ. 1974ರಲ್ಲಿ ವನ್ಯಜೀವಿಧಾಮವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಸಹಜ ಕಾಡಿಗೆ ಲಕ್ಕವಳ್ಳಿ ಮತ್ತು ಮುತ್ತೋಡಿ ಕಡೆಗಳಿಂದ ಪ್ರವೇಶವಿದೆ. ಮೊದಲನೆಯದರಲ್ಲಿ ಹುಲಿ ಕಾಣುವುದು ಬಹುಮಟ್ಟಿಗೆ ಖಚಿತ. ಎರಡನೆಯದರಲ್ಲಿ ಅದು ಅದೃಷ್ಟದ ಮಾತು. ಮಕ್ಕಳಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸಿದಲ್ಲಿ ನಿರಾಶೆ ತಪ್ಪುತ್ತದೆ.

7. ಎತ್ತರದ ಪರ್ವತ ಚಾರಣ

ಮಲೆನಾಡಿನ ಶಿಖರಗಳ ಪೈಕಿ ಮುಳ್ಳಯ್ಯನಗಿರಿ 1,930 ಮೀ., ಕುದುರೆಮುಖ 1,894 ಮೀ. ಮತ್ತು ಕುಮಾರಪರ್ವತ 1,712 ಮೀ. ಎತ್ತರವಾಗಿವೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಭಾರಿ ಜನಸಂದಣಿ ಉಂಟಾದ ಬಳಿಕ ಚಾರಣಕ್ಕೆ ತಾತ್ಕಾಲಿಕ ತಡೆ ಬಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣವನ್ನು ಆರಂಭಿಸಿ, ಒಂದು ಪಥಕ್ಕೆ ದಿನಕ್ಕೆ ಗರಿಷ್ಠ 300 ಜನರ ಮಿತಿಯನ್ನು ಪ್ರಕಟಿಸಲಾಯಿತು. ಮುಂಗಡ ಕಾಯ್ದಿರಿಸದೆ ಪಥದ ಬುಡಕ್ಕೆ ಹೋದವರು ಹಿಂದಿರುಗಬೇಕಾಗಬಹುದು.

ಹಿಮಾಲಯ ಚಾರಣಕ್ಕೆ ಸಿದ್ಧರಾಗುವವರು ಗಮನಿಸಬೇಕಾದ ಅಂಶವೊಂದಿದೆ. ಸಾಮಾನ್ಯವಾಗಿ 2,500 ಮೀ. ಮೇಲ್ಪಟ್ಟು ಪರ್ವತ ವ್ಯಾಧಿಯು ತಲೆದೋರಬಹುದು. ರಾಜ್ಯದ ಅತ್ಯುನ್ನತ ಶಿಖರವೇ ಅದಕ್ಕಿಂತ ಕೆಳಗಿರುವುದರಿಂದ, ಇಲ್ಲಿನ ಬೆಟ್ಟಗಳು ಕಾಲಿಗೆ ಬಲ ನೀಡಬಲ್ಲವೇ ಹೊರತು ಎತ್ತರಕ್ಕೆ ಒಗ್ಗಿಸಲಾರವು. 3,000 ಮೀ. ದಾಟಿದ ನಂತರ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀ.ಗಿಂತ ಹೆಚ್ಚಿಸಬಾರದು ಮತ್ತು 3-4 ದಿನಗಳಿಗೊಮ್ಮೆ ವಿಶ್ರಾಂತಿ ಪಡೆಯಬೇಕು. ತಲೆನೋವು, ವಾಕರಿಕೆ ಕಂಡುಬಂದಲ್ಲಿ ಮೇಲೇರುವುದನ್ನು ನಿಲ್ಲಿಸತಕ್ಕದ್ದು. ಲಕ್ಷಣಗಳು ಹೆಚ್ಚಿದಲ್ಲಿ ಕೂಡಲೇ ಕೆಳಗಿಳಿಯತಕ್ಕದ್ದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರಿದ್ದ ತಂಡವು ಹಿಮಗಾಳಿಗೆ ಸಿಲುಕಿ 9 ಮಂದಿ ಮೃತಪಟ್ಟರು. ಹವಾಮಾನ ಕೆಟ್ಟಾಗ ಹಿಂದಿರುಗಲು ಒಂದೆರಡು ದಿನಗಳ ಬಿಡುವನ್ನು ಪ್ರವಾಸದ ಯೋಜನೆಯಲ್ಲಿಯೇ ಇಟ್ಟುಕೊಳ್ಳುವುದು ಒಳಿತು.

8. ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

1) ತಂಡದ ಪ್ರತಿಯೊಬ್ಬರ ಹೆಸರು, ವಯಸ್ಸು, ವಿಳಾಸ ಮತ್ತು ಗುರುತಿನ ಚೀಟಿಯ ಪ್ರತಿ.
2) ಭೇಟಿಯ ಉದ್ದೇಶ. ಅಧ್ಯಯನ, ಛಾಯಾಗ್ರಹಣ ಅಥವಾ ಪ್ರವಾಸ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು.
3) ದಿನಾಂಕ, ಹೋಗುವ ದಾರಿ, ಪ್ರವೇಶ ಹಾಗೂ ನಿರ್ಗಮನದ ವೇಳೆ.
4) ವಾಹನದ ಸಂಖ್ಯೆ ಮತ್ತು ಒಯ್ಯುವ ಕ್ಯಾಮೆರಾ ಇತ್ಯಾದಿ ಉಪಕರಣಗಳ ವಿವರ.
5) ಶಾಲಾ ಮಕ್ಕಳ ತಂಡವಾದಲ್ಲಿ ಮುಖ್ಯೋಪಾಧ್ಯಾಯರ ಪತ್ರ ಮತ್ತು ಜೊತೆಯಲ್ಲಿರುವ ಶಿಕ್ಷಕರ ಹೆಸರು.
6) ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ಮನೆಯವರ ದೂರವಾಣಿ ಸಂಖ್ಯೆ.

ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ದರವನ್ನು ವಲಯ ಕಚೇರಿಯಲ್ಲಿ ವಿಚಾರಿಸಿಕೊಂಡು, ಪಾವತಿಸಿದ ಮೊತ್ತಕ್ಕೆ ತಪ್ಪದೆ ರಸೀದಿ ಪಡೆಯಬೇಕು. ಕಾಡ್ಗಿಚ್ಚು, ಬೇಟೆ ಅಥವಾ ಗಾಯಗೊಂಡ ಪ್ರಾಣಿ ಕಂಡುಬಂದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ, ಇತರ ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಲು ಸಾರ್ವಜನಿಕರನ್ನು ಕೋರಲಾಗಿದೆ.